ಮರಿಯ ಬಟ್ಟಲಿಗೆ ಯಾವ ಚೀಲ?

ಶಿವಮೊಗ್ಗದಲ್ಲಿ ಮಳೆ ಹಿಡಿದಿದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಮಣಿದು ನಾಯಿಮರಿ ತಂದವರೆಲ್ಲ ಈಗ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರೆದು ಕಳಿಸುತ್ತಿದ್ದಾರೆ: ಒಣ ಆಹಾರ ಯಾವುದು ಕೊಡಲಿ, ಎಷ್ಟು ಕೊಡಲಿ, ಅದಕ್ಕೆ ಇಷ್ಟೊಂದು ದುಡ್ಡು ಸುರಿಯಲೇಬೇಕೆ? ನಮ್ಮ ಕಡೆ ಯಾವ ಕಂಪನಿಯ ಕಾಳಾದರೂ ಜನರ ಬಾಯಲ್ಲಿ ಅದು ‘ಪೆಡಿಗ್ರಿ’ಯೇ, ಪತ್ರಗಳಲ್ಲೂ ಹಾಗೆಯೇ ಇದೆ. ಈ ಸಲದ ಅಂಕಣವನ್ನು ಪೂರ್ತಿ ಈ ವಿಷಯಕ್ಕೇ ಬಿಟ್ಟಿದ್ದೇನೆ. ದಾವಣಗೆರೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅವರು ಮರಿಯ ತೂಕ, ಚೀಲದ ಬೆಲೆ, ಅದರ ಮೇಲಿನ ಅಂಕಿ ಎಲ್ಲವನ್ನೂ ಬರೆದಿದ್ದಾರೆ. ಹಾಗೆ ಬರೆದವರಿಗೆ ನೆಟ್ಟಗೆ ಉತ್ತರ ಹೇಳಬಹುದು.

ಪ್ರಶ್ನೆ: ಮಗಳಿಗಾಗಿ ಲ್ಯಾಬ್ರಡಾರ್ ಮರಿ ತಂದಿದ್ದೇವೆ. 52 ದಿನ, 4 ಕೆ.ಜಿ. ಅಂಗಡಿಯವರು ನಾಲ್ಕು ಬಗೆ ತೋರಿಸಿದರು. ಮೂಟೆಯಿಂದ ತೂಗಿ ಕೊಡುವ ಬಿಡಿ ಆಹಾರ ಕಿಲೋಗೆ 130 ರೂಪಾಯಿ. ಎರಡನೆಯದು 10 ಕೆ.ಜಿ. ಚೀಲ, ಕಿಲೋಗೆ 240 ಬೀಳುತ್ತದೆ. ಪ್ರೋಟೀನ್ 24, ಕೊಬ್ಬು 10 ಎಂದಿದೆ. ಮೂರನೆಯದು 3 ಕೆ.ಜಿ. ಚೀಲ, ಕಿಲೋಗೆ 270; ಪ್ರೋಟೀನ್ 28, ಕೊಬ್ಬು 16. ನಾಲ್ಕನೆಯದು ಕಿಲೋಗೆ 700. ಪ್ರೋಟೀನ್ 30, ಕೊಬ್ಬು 20. ನನ್ನದು ಸಣ್ಣ ಅಂಗಡಿ, ತಿಂಗಳಿಗೆ ಒಂದೂವರೆ ಸಾವಿರಕ್ಕಿಂತ ಹೆಚ್ಚು ಕಷ್ಟ. ಯಾವುದು ತರಲಿ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಬಿಡಿ ಆಹಾರದ ಮಾತು. ಅದನ್ನು ತರಬೇಡಿ.

ನಾನು ಪಶುವೈದ್ಯೆಯಾಗಿ ಮೊದಲ ಹತ್ತು ವರ್ಷ ನೋಡಿದ್ದು ಹೆಚ್ಚಾಗಿ ಹಸು, ಎಮ್ಮೆ. ಹಿಂಡಿ ಕೊಳ್ಳುವ ರೈತ ಚೀಲ ಬಿಚ್ಚಿಸಿ, ಒಂದು ಹಿಡಿ ತೆಗೆದು ಮೂಸಿ, ಪುಡಿ ಮಾಡಿ ನೋಡದೆ ದುಡ್ಡು ಎಣಿಸುತ್ತಿರಲಿಲ್ಲ. ಮುಗ್ಗಿದ ಶೇಂಗಾ ಹಿಂಡಿ ತಿಂದ ಹಸು ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನಾಯಿಯ ಕಾಳಿನಲ್ಲೂ ಮುಸುಕಿನ ಜೋಳ, ಅಕ್ಕಿ ನುಚ್ಚು, ತೌಡು, ಸೋಯಾ ಇರುತ್ತವೆ. ತೇವ ತಗುಲಿದರೆ ಅದೇ ಬೂಷ್ಟು, ಅದೇ ಅಫ್ಲಾಟಾಕ್ಸಿನ್ ಎಂಬ ವಿಷ. ಅದು ನೇರ ಯಕೃತ್ತಿಗೆ ಹೊಡೆಯುತ್ತದೆ, ಬಿಸಿನೀರಿನಲ್ಲಿ ನೆನೆಸಿದರೂ ಕುದಿಸಿದರೂ ಹೋಗುವುದಿಲ್ಲ.

ಕಳೆದ ವಾರ ಒಬ್ಬರು ವೃತ್ತಪತ್ರಿಕೆಯಲ್ಲಿ ಕಟ್ಟಿದ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. ಮರಿ ಮೂಸಿ ಮುಖ ತಿರುಗಿಸುತ್ತದೆ ಎಂಬುದು ಅವರ ದೂರು. ಒಂದು ಕಾಳನ್ನು ಉಗುರಿನಿಂದ ಒತ್ತಿದೆ. ಟಕ್ಕೆಂದು ಒಡೆಯಬೇಕಾದದ್ದು ಹಳೆಯ ಬಿಸ್ಕತ್ತಿನಂತೆ ಮೆತ್ತಗೆ ತಗ್ಗಿತು. ಹತ್ತಿರ ಹಿಡಿದರೆ ಹೋದ ವರ್ಷದ ಕೊಬ್ಬರಿ ಎಣ್ಣೆಯ ಕಮಟು. ಕಾಗದದ ಮೇಲೆ ಕಾಳು ಇದ್ದಲ್ಲೆಲ್ಲ ಜಿಡ್ಡಿನ ಉಂಗುರ. ಒಣ ಆಹಾರವನ್ನು ಯಂತ್ರದಲ್ಲಿ ಒತ್ತಡ ಕೊಟ್ಟು ಬೇಯಿಸಿ, ಒಣಗಿಸಿ, ಕೊನೆಯಲ್ಲಿ ಮೇಲಿನಿಂದ ಕೊಬ್ಬನ್ನು ಸಿಂಪಡಿಸುತ್ತಾರೆ. ನಾಯಿಯನ್ನು ಸೆಳೆಯುವ ವಾಸನೆ ಆ ಹೊರಲೇಪದ್ದು. ಗಾಳಿ ತಗುಲಿದಾಗ ಮೊದಲು ಕೆಡುವುದೂ ಅದೇ. ಬಾಯಿ ತೆರೆದ ಮೂಟೆ ಎಂದು ಬಂತು, ಎಂದು ಬಿಚ್ಚಿದರು, ಅದು ಮರಿಯ ಆಹಾರವೋ ದೊಡ್ಡ ನಾಯಿಯದೋ, ಯಾವುದೂ ನಿಮಗೆ ತಿಳಿಯುವುದಿಲ್ಲ. ಆ ಮರಿ ತಿನ್ನದೆ ಇದ್ದದ್ದೇ ಒಳ್ಳೆಯದಾಯಿತು.

ಉಳಿದ ಮೂರು ಚೀಲಗಳ ಮುಂಬದಿಯಲ್ಲಿ ಹೊಳೆಯುವ ನಾಯಿಯ ಚಿತ್ರ ಇರುತ್ತದೆ, ಕ್ಯಾರೆಟ್ಟು, ಕೋಳಿ ಇರುತ್ತವೆ. ಅದನ್ನು ಬಿಟ್ಟು ಚೀಲ ತಿರುಗಿಸಿ. ನಾನು ಹುಡುಕುವ ಮೊದಲ ವಾಕ್ಯ ಇದು: ಈ ಆಹಾರ ‘ಬೆಳೆಯುವ ಮರಿಗೆ ಸಂಪೂರ್ಣ ಮತ್ತು ಸಮತೋಲಿತ’ ಎಂದು ಕಂಪನಿ ಬರೆದುಕೊಟ್ಟಿದೆಯೇ? ಇಂಗ್ಲಿಷಿನಲ್ಲಿ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’, ‘ಗ್ರೋತ್’ ಎಂಬ ಪದಗಳು ಕಾಣಬೇಕು. ಬರೀ ‘ಪೌಷ್ಟಿಕ’, ‘ರುಚಿಕರ’ ಎಂದಿದ್ದರೆ ಅದು ಊಟವಲ್ಲ, ತಿಂಡಿ. ಆಮೇಲೆ ಪ್ರೋಟೀನ್. ಪಶು ಆಹಾರಕ್ಕೆ ಮಾನದಂಡ ಹಾಕಿಕೊಡುವ ಅಮೆರಿಕದ ಆ್ಯಫ್ಕೋ ಸಂಸ್ಥೆಯ ಪ್ರಕಾರ, ನೀರಿನಂಶ ಕಳೆದು ಲೆಕ್ಕ ಹಾಕಿದರೆ ಬೆಳೆಯುವ ಮರಿಗೆ ಕನಿಷ್ಠ 22.5 ಶೇಕಡಾ ಪ್ರೋಟೀನ್, 8.5 ಶೇಕಡಾ ಕೊಬ್ಬು ಬೇಕು. ಬೆಳೆದ ನಾಯಿಗೆ 18 ಮತ್ತು 5.5 ಸಾಕು. ಒಣ ಆಹಾರದ ನೂರರಲ್ಲಿ ಸುಮಾರು ಹತ್ತು ಪಾಲು ನೀರು. ನಿಮ್ಮ ಎರಡನೆಯ ಚೀಲದ 24ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿದರೆ 26.7. ಉತ್ತೀರ್ಣ. ಅದೇ ಕಪಾಟಿನಲ್ಲಿ 20 ಶೇಕಡಾ ಎಂದು ಬರೆದ ದೊಡ್ಡ ನಾಯಿಯ ಚೀಲ ಇರುತ್ತದೆ, ಅಗ್ಗವೂ ಹೌದು, ಅದು 22.2ಕ್ಕೆ ನಿಲ್ಲುತ್ತದೆ. ಮರಿಗೆ ಅದು ಬೇಡ.

ಇನ್ನು ಬೆಲೆ. ನೀವು ಕಿಲೋ ಬೆಲೆ ನೋಡುತ್ತಿದ್ದೀರಿ. ಮರಿ ತಿನ್ನುವುದು ಕಿಲೋ ಅಲ್ಲ, ಶಕ್ತಿ. ಪ್ರೋಟೀನ್ ಮತ್ತು ಪಿಷ್ಟ ಗ್ರಾಂಗೆ ಮೂರೂವರೆ ಕ್ಯಾಲೊರಿ ಕೊಡುತ್ತವೆ, ಕೊಬ್ಬು ಎಂಟೂವರೆ. ನೂರರಲ್ಲಿ ಪ್ರೋಟೀನ್, ಕೊಬ್ಬು, ನೀರು, ನಾರು, ಬೂದಿ ಕಳೆದರೆ ಉಳಿಯುವುದು ಪಿಷ್ಟ (ಬೂದಿ ಎಂದರೆ ಆಹಾರ ಸುಟ್ಟರೆ ಉಳಿಯುವ ಖನಿಜಾಂಶ; ಅದರ ಅಂಕಿ ಚೀಲದ ಮೇಲೆ ಇಲ್ಲದಿದ್ದರೆ 8 ಎಂದಿಟ್ಟುಕೊಳ್ಳಿ). ಹೀಗೆ ಕೂಡಿಸಿದರೆ ಎರಡನೆಯ ಚೀಲದ 100 ಗ್ರಾಂನಲ್ಲಿ ಸುಮಾರು 320 ಕ್ಯಾಲೊರಿ, ಮೂರನೆಯದರಲ್ಲಿ 355, ನಾಲ್ಕನೆಯದರಲ್ಲಿ 385. ನಿಮ್ಮ 4 ಕೆ.ಜಿ. ಮರಿಗೆ ಈಗ ದಿನಕ್ಕೆ ಬೇಕಾದದ್ದು ಹತ್ತಿರ ಹತ್ತಿರ 594 ಕ್ಯಾಲೊರಿ. ಎಂದರೆ ಎರಡನೆಯದು 186 ಗ್ರಾಂ ಬೇಕು, ಮೂರನೆಯದು 167 ಗ್ರಾಂ. ಬೆಲೆ ಹಾಕಿ ನೋಡಿ: ಎರಡೂ ದಿನಕ್ಕೆ 45 ರೂಪಾಯಿ! ಕಿಲೋದಲ್ಲಿ ಕಂಡ ಮೂವತ್ತು ರೂಪಾಯಿಯ ಅಂತರ ಬಟ್ಟಲಿಗೆ ಬರುವಷ್ಟರಲ್ಲಿ ಕರಗಿ ಹೋಯಿತು. ನಾಲ್ಕನೆಯದು ದಿನಕ್ಕೆ 108 ರೂಪಾಯಿ. ಅದು ಒಳ್ಳೆಯ ಆಹಾರವೇ ಇರಬಹುದು, ಆದರೆ ನಿಮ್ಮ ಮನೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ನಾನಾಗಿದ್ದರೆ ಮೂರನೆಯದನ್ನು ತರುತ್ತೇನೆ. ಅದೇ ದುಡ್ಡಿಗೆ ಹೆಚ್ಚು ಪ್ರೋಟೀನ್ ಸಿಗುತ್ತದೆ, ಮಲದ ರಾಶಿ ಕಡಿಮೆ, 3 ಕೆ.ಜಿ. ಚೀಲ 18 ದಿನದಲ್ಲಿ ಮುಗಿಯುವುದರಿಂದ ಯಾವಾಗಲೂ ತಾಜಾ ಇರುತ್ತದೆ. 10 ಕೆ.ಜಿ. ಚೀಲ ಈಗ ತಂದರೆ ಒಂದೂವರೆ ತಿಂಗಳು ಮೀರಿ ಉಳಿಯುತ್ತದೆ, ಮಳೆಗಾಲದಲ್ಲಿ ಅದು ಅತಿಯಾಯಿತು. ಆದರೆ ಕೊಳ್ಳುವ ಮೊದಲು ಒಂದು ಅಂಕಿ ನೋಡಲೇಬೇಕು, ಅದು ಕ್ಯಾಲ್ಸಿಯಂ. ಲ್ಯಾಬ್ರಡಾರ್ ದೊಡ್ಡ ತಳಿ. ಚೀಲದ ಮೇಲೆ ಕ್ಯಾಲ್ಸಿಯಂ 1.1ರಿಂದ 1.6 ಶೇಕಡಾ ನಡುವೆ ಇರಲಿ. ಅದನ್ನು ದಾಟಿದ್ದರೆ ಆ ಚೀಲ ಬಿಡಿ, ದೊಡ್ಡ ತಳಿಯ ಮರಿಗೆಂದೇ ಮಾಡಿದ್ದನ್ನು ಕೇಳಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಗಾಬರಿಯಾಗಬಾರದು. 45 ರೂಪಾಯಿ ಈ ತಿಂಗಳ ಲೆಕ್ಕ. ನಾಲ್ಕು ತಿಂಗಳಿಗೆ ಮರಿ 12 ಕೆ.ಜಿ. ಆದಾಗ ದಿನಕ್ಕೆ 900 ಕ್ಯಾಲೊರಿ, 68 ರೂಪಾಯಿ. ಆರು ತಿಂಗಳಿಗೆ 18 ಕೆ.ಜಿ. ತೂಗಿದರೆ 93 ರೂಪಾಯಿ. ತಿಂಗಳಿಗೆ 2,800 ಮುಟ್ಟುತ್ತದೆ. ಆಗ 10 ಕೆ.ಜಿ. ಚೀಲ ಒಂದು ತಿಂಗಳಲ್ಲಿ ಖಾಲಿಯಾಗುವುದರಿಂದ ದೊಡ್ಡ ಚೀಲದ ರಿಯಾಯಿತಿ ನಿಮಗೆ ಸಿಗುತ್ತದೆ. ಬೀದಿಯಲ್ಲಿ ಇನ್ನೊಬ್ಬರ ಮನೆಯಲ್ಲೂ ಮರಿ ಇದ್ದರೆ 20 ಕೆ.ಜಿ. ಚೀಲ ತಂದು ಅಂದೇ ಹಂಚಿಕೊಳ್ಳಿ. ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಅನ್ನ ಸೇರಿಸಬಹುದು. ಬೆಳವಣಿಗೆಯ ಕಾಲದಲ್ಲಿ ಇಂಥದ್ದು ಒಟ್ಟು ಊಟದ ಹತ್ತರಲ್ಲೊಂದು ಪಾಲು ಮೀರದಿರಲಿ. ಅಂಗಡಿಯವರು ಜೊತೆಗೆ ತೋರಿಸುವ ಟಾನಿಕ್, ಕೂದಲಿನ ಎಣ್ಣೆ, ಬಣ್ಣದ ಬಿಸ್ಕತ್ತು ಎಲ್ಲ ಬಿಡಿ. ಆ ದುಡ್ಡು ಲಸಿಕೆಗೆ ಬೇಕು.

ಮತ್ತೆ, ನಾನು ಹೇಳಿದ ಗ್ರಾಂ ಆಗಲಿ ಚೀಲದ ಮೇಲಿನ ಪಟ್ಟಿಯಾಗಲಿ ಅಂದಾಜು. ನಿಜವಾದ ತಕ್ಕಡಿ ನಿಮ್ಮ ಅಂಗೈ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ: ಮೂಳೆ ಚುಚ್ಚುತ್ತದೆ, ಪಕ್ಕೆಲುಬು ಹೀಗಿದ್ದರೆ ಮರಿ ಬಡಕಲು. ಕೈ ಬಿಚ್ಚಿ ಅಂಗೈಯಲ್ಲಿ ಬೆರಳಿನ ಬುಡ ಒತ್ತಿ: ಮೂಳೆ ಸಿಗುವುದೇ ಇಲ್ಲ, ಹೀಗಿದ್ದರೆ ಕೊಬ್ಬಿದೆ. ಕೈಯನ್ನು ಚಾಚಿ ಹಿಂಬದಿಯನ್ನು ಸವರಿದಾಗ ಮೂಳೆಗಳು ಒಂದೊಂದಾಗಿ ತಗುಲುತ್ತವಲ್ಲ, ಮರಿಯ ಪಕ್ಕೆ ಹಾಗೆ ತಗುಲಬೇಕು. ಉಂಡೆಯಂತಹ ಲ್ಯಾಬ್ರಡಾರ್ ಮರಿ ನೋಡಲು ಮುದ್ದು, ನಿಜ. ಆದರೆ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡು ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿತ್ತು, 2002ರಲ್ಲಿ ಪ್ರಕಟವಾಯಿತು. ಜೊತೆಯ ಮರಿಗಿಂತ ಕಾಲು ಭಾಗ ಕಡಿಮೆ ಉಂಡವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವು ಕೂಡ ತಡವಾಗಿ ಬಂತು. ಮಗಳು ಬಟ್ಟಲು ತುಂಬಿಸಲು ಹಟ ಹಿಡಿದಾಗ ಈ ಎರಡು ವರ್ಷದ ಮಾತನ್ನು ಅವಳಿಗೆ ಹೇಳಿ.

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್ ಮರಿಗೆ ಮೂರೂವರೆ ತಿಂಗಳು. ಒಂದೂವರೆ ತಿಂಗಳು ಅನ್ನ ಮತ್ತು ಮೂಳೆಯಿಲ್ಲದ ಕೋಳಿಮಾಂಸ ಬೇಯಿಸಿ ಹಾಕಿದೆವು. ಮುಂಗಾಲು ಬಾಗತೊಡಗಿದೆ. ಈಗ ಮರಿಯ ಒಣ ಆಹಾರ ಶುರು ಮಾಡಿ, ಪರಿಚಯದವರ ಮಾತಿನಂತೆ ದಿನಕ್ಕೆ ಎರಡು ಚಮಚ ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ, ಬೆಳಗಿನ ಬಿಸಿಲಿಗೆ ಕಟ್ಟುತ್ತಿದ್ದೇವೆ. ಸರಿಯೇ?
— ಓದುಗರು, ಧಾರವಾಡ

ಉತ್ತರ: ಆಹಾರ ಬದಲಿಸಿದ್ದು ಸರಿ. ನೀವು ಪ್ರೀತಿಯಿಂದಲೇ ಬೇಯಿಸಿ ಹಾಕಿದ್ದೀರಿ, ಅದು ನನಗೆ ಗೊತ್ತು. ಬಾಗಿದ ಕಾಲಿನ ಮರಿಗಳಲ್ಲಿ ಹೆಚ್ಚಿನವು ಬರುವುದು ಮಾಂಸಕ್ಕೆ ದುಡ್ಡು ಸುರಿಯುವ ಮನೆಗಳಿಂದಲೇ. ಬರೀ ಮಾಂಸದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು. ಮರಿಗೆ ಬೇಕಾದದ್ದು ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಹೆಚ್ಚಿರುವ ಜೋಡಿ. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಕೊಡುತ್ತದೆ. ಮೂಳೆ ಎಳೆಯ ಸೌತೆಬಳ್ಳಿಯಂತೆ ಬಾಗುತ್ತದೆ. ಸೋಫಾದಿಂದ ಹಾರಿದರೂ ಮುರಿಯಬಹುದು.

ಸಿರಪ್ ವಿಷಯ ಹಾಗಲ್ಲ. ಸಂಪೂರ್ಣ ಆಹಾರದಲ್ಲಿ ಮರಿಗೆ ಬೇಕಾದ ಕ್ಯಾಲ್ಸಿಯಂ ಆಗಲೇ ಇದೆ. ಬೆಳೆದ ನಾಯಿಯ ಕರುಳು ಸಾಕೆನಿಸಿದಾಗ ಕ್ಯಾಲ್ಸಿಯಂ ಒಳಬಿಡುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಎಳೆಯ ಮರಿಯ ಕರುಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದು ಬಹುಪಾಲು ಒಳಗೆ ಹೋಗುತ್ತದೆ. ದೊಡ್ಡ ತಳಿಯ ಮರಿಯಲ್ಲಿ ಈ ಹೆಚ್ಚುವರಿಯಿಂದಲೇ ಮೂಳೆ ಮತ್ತು ಕೀಲು ಕೆಡುತ್ತವೆ. ಕೊರತೆಗೂ ಕಾಲು ಬಾಗುತ್ತದೆ, ಅತಿಯಾದರೂ ಬಾಗುತ್ತದೆ. ಆದ್ದರಿಂದ ನಿಮ್ಮಷ್ಟಕ್ಕೆ ನೀವೇ ಸಿರಪ್ ಮುಂದುವರಿಸಬೇಡಿ. ಧಾರವಾಡದಲ್ಲಿ ಎಕ್ಸ್-ರೇ ಇರುವ ಪಶುವೈದ್ಯರಿಗೆ ಈ ವಾರವೇ ತೋರಿಸಿ. ಬೇಕೋ ಬೇಡವೋ, ಎಷ್ಟು ದಿನ ಎಂದು ಅವರು ಹೇಳಲಿ. ಅಲ್ಲಿಯವರೆಗೆ ಮೆಟ್ಟಿಲು, ಜಾರುವ ಟೈಲ್ಸ್, ಓಟ ಬೇಡ. ಬಿಸಿಲಿಗೆ ಕಟ್ಟುವುದರಿಂದ ಮನುಷ್ಯರಿಗೆ ಆಗುವ ಉಪಯೋಗ ನಾಯಿಗೆ ಆಗುವುದಿಲ್ಲ. ನಾಯಿಯ ಚರ್ಮ ವಿಟಮಿನ್ ಡಿಯನ್ನು ಬೇಕಾದಷ್ಟು ಮಾಡಿಕೊಳ್ಳಲಾರದು, ಅದು ಊಟದಿಂದಲೇ ಬರಬೇಕು.

ಪ್ರಶ್ನೆ: ನಮ್ಮದು ಮುಧೋಳ ನಾಯಿ, ಎರಡೂವರೆ ತಿಂಗಳ ಮರಿ. ನಮ್ಮ ಅಜ್ಜನ ಕಾಲದಿಂದ ಹಾಲು, ಜೋಳದ ರೊಟ್ಟಿ, ಗೋವಿನಜೋಳದ ನುಚ್ಚು ಹಾಕಿಯೇ ಸಾಕಿದ್ದೇವೆ. ಈಗ ಮಗ ಪಟ್ಟಣದಿಂದ ಚೀಲದ ಆಹಾರ ತಂದಿದ್ದಾನೆ. ಅದು ತಿಂದರೆ ಓಟ ಕೆಡುತ್ತದೆ ಎನ್ನುತ್ತಾರೆ.
— ಓದುಗರು, ಜಮಖಂಡಿ ತಾಲ್ಲೂಕು

ಉತ್ತರ: ಓಟ ಕೆಡಿಸುವುದು ಚೀಲವಲ್ಲ, ಅಳತೆ. ಮುಧೋಳ ನಾಯಿಯ ಮೈಕಟ್ಟೇ ತೆಳು, ಉದ್ದನೆಯ ಕಾಲು, ಒಳಸರಿದ ಹೊಟ್ಟೆ. ಲ್ಯಾಬ್ರಡಾರ್‌ಗೆ ನಾನು ಮೇಲೆ ಹೇಳಿದ ಪಕ್ಕೆಯ ಪರೀಕ್ಷೆಯನ್ನು ಇದಕ್ಕೆ ಹಾಗೆಯೇ ಹಚ್ಚಬೇಡಿ. ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಂಡರೂ ಅದು ಆರೋಗ್ಯವೇ. ಚೀಲದ ಪಟ್ಟಿ ಹೇಳಿದಷ್ಟನ್ನೂ ಸುರಿದರೆ ಸೊಂಟ ತುಂಬಿಕೊಳ್ಳುತ್ತದೆ. ಪಟ್ಟಿಗಿಂತ ಒಂದು ಹಿಡಿ ಕಡಿಮೆಯಿಂದ ಶುರು ಮಾಡಿ, ವಾರಕ್ಕೊಮ್ಮೆ ತೂಗಿ ನೋಡಿ.

ನಿಮ್ಮ ಅಜ್ಜನವರ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ರೊಟ್ಟಿ ಹಾಲಿನ ಮೇಲೆಯೇ ಈ ತಳಿ ಉಳಿದು ಬಂದಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಆ ಕಾಲದ ನಾಯಿಗಳು ಹೊಲದಲ್ಲಿ ಮೊಲ ಹಿಡಿದು ಮೂಳೆ ಸಮೇತ ತಿನ್ನುತ್ತಿದ್ದವು. ಇಂದಿನ ಮರಿ ಅಂಗಳ ಬಿಟ್ಟು ಹೋಗುವುದಿಲ್ಲ. ಬರೀ ರೊಟ್ಟಿ ಹಾಲಿನಲ್ಲಿ ಅದಕ್ಕೆ ಪ್ರೋಟೀನ್, ಸತು, ತಾಮ್ರ ಸಾಲುವುದಿಲ್ಲ. ಪ್ರತಿ ಹೊತ್ತೂ ಮರಿಯ ಕಾಳೇ ಮುಖ್ಯ ಊಟವಾಗಿರಲಿ. ಸಂಜೆಯ ಬಟ್ಟಲಿಗೆ ಅರ್ಧ ರೊಟ್ಟಿ ಮುರಿದು, ಒಂದು ಬೇಯಿಸಿದ ಮೊಟ್ಟೆಯ ಚೂರಿನ ಜೊತೆ ಕಲಸಿ. ಹಾಲು ಕುಡಿದು ಮಲ ತೆಳುವಾದರೆ ಮಜ್ಜಿಗೆಗೆ ಬದಲಾಯಿಸಿ. ನಿಮ್ಮ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಒಮ್ಮೆ ಮರಿಯನ್ನು ಅಲ್ಲಿಗೆ ಕರೆದೊಯ್ಯಿರಿ, ಅದೇ ವಯಸ್ಸಿನ ಮರಿಗಳನ್ನು ಕಣ್ಣಾರೆ ನೋಡಿದರೆ ನಿಮ್ಮದು ಹೇಗಿದೆ ಎಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೀದಿಯಿಂದ ತಂದ ಮರಿಗೆ ಎರಡು ತಿಂಗಳು. ಮೊಸರನ್ನದಲ್ಲೇ ಬೆಳೆಸಬಹುದೇ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಮೊಸರನ್ನ ಒಂದರಲ್ಲೇ ಬೆಳೆಸಲು ಆಗುವುದಿಲ್ಲ. ನಾಯಿ ಬೆಕ್ಕಿನ ಹಾಗಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಇದ್ದು ಅನ್ನ, ರಾಗಿ ಜೀರ್ಣಿಸಿಕೊಳ್ಳುವುದನ್ನು ಕಲಿತಿದೆ. ಮಾಂಸವಿಲ್ಲದ ಒಣ ಆಹಾರವೂ ಮಾರುಕಟ್ಟೆಯಲ್ಲಿದೆ. ಆದರೆ ಅವುಗಳಲ್ಲಿ ಬೆಳೆದ ನಾಯಿಯವು ಹಲವು. ‘ಬೆಳೆಯುವ ಮರಿಗೆ ಸಂಪೂರ್ಣ’ ಎಂಬ ವಾಕ್ಯ ಇರುವುದನ್ನೇ ಹುಡುಕಿ. ಸಿಗದಿದ್ದರೆ, ಮೊದಲ ಹತ್ತು ಹನ್ನೆರಡು ತಿಂಗಳು ಸಾಮಾನ್ಯ ಮರಿಯ ಕಾಳನ್ನೇ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಅದು ಒಣ ಕಾಳು, ಅಡುಗೆಮನೆಗೆ ಬರಬೇಕಿಲ್ಲ. ಡಬ್ಬ, ಅಳತೆಯ ಲೋಟ, ಬಟ್ಟಲು ಹಿತ್ತಲಲ್ಲೇ ಇರಲಿ. ನಿಮ್ಮ ಮೊಸರನ್ನದ ಒಂದು ತುತ್ತು ಅದರ ಮೇಲೆ ಬೀಳಲಿ. ಒಗ್ಗರಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬಾರದು. ಮೊಸರನ್ನಕ್ಕೆ ದ್ರಾಕ್ಷಿ ಹಾಕುವ ಅಭ್ಯಾಸವಿದ್ದರೆ ಅದೂ ಬೇಡ, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಪ್ರಶ್ನೆ: ಹೊಸ ಒಣ ಆಹಾರ ಹಾಕಿದ ಮರುದಿನವೇ ಮರಿಗೆ ಭೇದಿ. ಆಹಾರ ಕೆಟ್ಟದ್ದೇ?
— ಓದುಗರು, ಹಾಸನ

ಉತ್ತರ: ಇವರಿಗೆ ಪತ್ರ ತಲುಪಿದ ದಿನವೇ ಫೋನ್ ಮಾಡಿ ಮಾತಾಡಿದ್ದೇನೆ, ಮರಿ ಚೆನ್ನಾಗಿದೆ. ಉಳಿದವರಿಗಾಗಿ ಬರೆಯುತ್ತಿದ್ದೇನೆ. ಒಮ್ಮೆಲೇ ಆಹಾರ ಬದಲಿಸಿದರೆ ಒಳ್ಳೆಯ ಆಹಾರಕ್ಕೂ ಭೇದಿ ಆಗುತ್ತದೆ. ಹಳೆಯದು ಮುಕ್ಕಾಲು, ಹೊಸದು ಕಾಲು ಎಂದು ಶುರು ಮಾಡಿ ಏಳು ದಿನದಲ್ಲಿ ಪೂರ್ತಿ ಹೊಸದಕ್ಕೆ ಬನ್ನಿ. ಮರಿ ಮನೆಗೆ ಬಂದ ಮೊದಲ ವಾರ, ಅದು ಮೊದಲಿದ್ದ ಕಡೆ ಏನು ತಿನ್ನುತ್ತಿತ್ತೋ ಅದನ್ನೇ ಹಾಕಿ. ಎಳೆಯ ಮರಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಕೊಡಿ. ಮರಿ ಲವಲವಿಕೆಯಿಂದ ಆಡುತ್ತಿದ್ದು ಮಲ ಮಾತ್ರ ತೆಳುವಾಗಿದ್ದರೆ ಒಂದು ದಿನ ಕಾಯಬಹುದು. ಮರಿ ಮಂಕಾಗಿ ಮಲಗಿದ್ದರೆ, ವಾಂತಿ ಇದ್ದರೆ, ಮಲದಲ್ಲಿ ರಕ್ತ ಅಥವಾ ಸಹಿಸಲಾಗದ ದುರ್ವಾಸನೆ ಇದ್ದರೆ ಆಹಾರದ ಮೇಲೆ ತಪ್ಪು ಹೊರಿಸಿ ಕೂರಬೇಡಿ. ಲಸಿಕೆ ಪೂರ್ತಿಯಾಗದ ಮರಿಯಲ್ಲಿ ಅದು ಪಾರ್ವೊ ಎಂಬ ಮಾರಕ ವೈರಸ್ ರೋಗ ಆಗಿರಬಹುದು. ಅದರಲ್ಲಿ ಗಂಟೆಗಳ ಲೆಕ್ಕ, ರಾತ್ರಿಯಾದರೂ ವೈದ್ಯರ ಬಾಗಿಲು ತಟ್ಟಿ.

ಪ್ರಶ್ನೆ: ಕರಾವಳಿಯ ತೇವಕ್ಕೆ ಕಾಳು ಮೆತ್ತಗಾಗುತ್ತದೆ, ಇರುವೆ ಬೇರೆ. ಹೇಗೆ ಇಡುವುದು?
— ಓದುಗರು, ಮಂಗಳೂರು

ಉತ್ತರ: ಕಾಳನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಬೇಡಿ. ಹಳೆಯ ಜಿಡ್ಡು ಡಬ್ಬದ ಗೋಡೆಗೆ ಅಂಟಿ ಹೊಸ ಕಾಳನ್ನೂ ಕೆಡಿಸುತ್ತದೆ. ಚೀಲದ ಗಾಳಿ ಒತ್ತಿ ತೆಗೆದು, ಬಾಯಿ ಸುತ್ತಿ ಕ್ಲಿಪ್ ಹಾಕಿ, ಚೀಲ ಸಮೇತ ಬಿಗಿಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ. ತಯಾರಿಕೆಯ ದಿನಾಂಕ ಹೀಗೆ ಮಾಡಿದರೆ ಕೈಯಲ್ಲೇ ಇರುತ್ತದೆ. ಬಿಚ್ಚಿದ ದಿನವನ್ನು ಚೀಲದ ಮೇಲೆ ಪೆನ್ನಿನಲ್ಲಿ ಬರೆಯಿರಿ, ತಿಂಗಳೊಳಗೆ ಮುಗಿಯುವಷ್ಟೇ ದೊಡ್ಡ ಚೀಲ ತನ್ನಿ. ಒದ್ದೆ ಕೈ, ಒದ್ದೆ ಲೋಟ ಒಳಗೆ ಹೋಗದಿರಲಿ. ಇರುವೆಗೆ ಸೀಮೆಸುಣ್ಣದ ಔಷಧಿ ಎಳೆಯಬೇಡಿ, ಮರಿ ನೆಕ್ಕುತ್ತದೆ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ, ಅದರ ನಡುವೆ ಬಟ್ಟಲು ಇಡಿ. ಇಪ್ಪತ್ತು ನಿಮಿಷದಲ್ಲಿ ತಿನ್ನದೆ ಉಳಿಸಿದ್ದನ್ನು ತೆಗೆದುಬಿಡಿ. ನೆನೆಸಿದ ಕಾಳು ಮಂಗಳೂರಿನ ಸೆಕೆಯಲ್ಲಿ ಮಧ್ಯಾಹ್ನದೊಳಗೆ ಹುಳಿಯುತ್ತದೆ.